ಒಂಬತ್ತು ಜನರ ಸೋಫಾದ ಶೆಟ್ರು

ಒಬ್ಬನೇ ಮನುಷ್ಯ ಇರುವ ಮನೆಯಲ್ಲಿ ಒಂಬತ್ತು ಜನ ಕೂರುವ ಸೋಫಾ ಇದ್ದುದನ್ನು ನಾನು ಕಂಡಿದ್ದು ಶೆಟ್ರಲ್ಲಿ ಮಾತ್ರ. ಕಡುಗೆಂಪು ಬಣ್ಣ, ಅಂಚಿಗೆಲ್ಲ ಬಂಗಾರದ ಜರಿ. ಹಾಲ್‌ನ ಮೂರು ಗೋಡೆಗಳನ್ನೂ ಹಿಡಿದುಕೊಂಡು ಅದು ಬಾಗಿಲ ತನಕ ಬಂದುಬಿಟ್ಟಿತ್ತು. ಹಾಗಾಗಿ ಬಾಗಿಲು ಅರ್ಧವೇ ತೆರೆಯುತ್ತಿತ್ತು, ಅತಿಥಿಗಳು ಅಡ್ಡಡ್ಡ ಒಳಗೆ ಬರಬೇಕಿತ್ತು. ಎಂಟು ಸೀಟುಗಳ ಪ್ಲಾಸ್ಟಿಕ್ ಹೊದಿಕೆ ಅಂಗಡಿಯಿಂದ ಬಂದ ಹಾಗೇ ಇತ್ತು. ಒಂಬತ್ತನೆಯದು ಮಾತ್ರ ಟೀವಿಯ ಎದುರು ಶೆಟ್ರ ಭಾರಕ್ಕೆ ನಾಲ್ಕು ಬೆರಳು ತಗ್ಗಿತ್ತು. ಒಬ್ಬರಿಗೆ ಇಷ್ಟು ದೊಡ್ಡದು ಯಾಕೆ ಅಂತ ಒಮ್ಮೆ ಕೇಳಿದ್ದೆ. "ಜನ ಬಂದಾಗ ನೆಲದಲ್ಲಿ ಕೂರಿಸ್ಲಿಕ್ಕೆ ಆಗ್ತದಾ ಮಾರಾಯ್ರೆ?" ಅಂದಿದ್ದರು. ಜನ ಬರುತ್ತಿದ್ದರೇ ಎಂಬ ಪ್ರಶ್ನೆಯನ್ನು ನಾನು ಕೇಳಲಿಲ್ಲ, ಏಕೆಂದರೆ ಬಾರದವರಲ್ಲಿ ನಾನೂ ಒಬ್ಬ.

ಮಸ್ಕತ್ತಿನಲ್ಲಿ ಶೆಟ್ರು ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಹೋಟೆಲ್ ಶೆಟ್ರು, ಇನ್ಶೂರೆನ್ಸ್ ಶೆಟ್ರು, ಯಕ್ಷಗಾನದ ಶೆಟ್ರು ಎಂದು ಹಿಂದೆ ಮುಂದೆ ಏನಾದರೂ ಅಂಟಿಸಬೇಕು. ಇವರು ಏರ್‌ಪೋರ್ಟ್ ಶೆಟ್ರು. ಕೆಲಸ ರುಸೈಲ್‌ನ ಒಂದು ಪೈಪ್ ಕಾರ್ಖಾನೆಯಲ್ಲಿ, ಕ್ವಾಲಿಟಿ ವಿಭಾಗದಲ್ಲಿ. ಆದರೆ ಅವರ ಮನೆ ವಿಮಾನ ನಿಲ್ದಾಣಕ್ಕೆ ಹತ್ತಿರವಿತ್ತು, ಅವರ ಹತ್ತಿರ ದೊಡ್ಡ ಗಾಡಿ ಇತ್ತು, ಮದುವೆಯಾಗಿರಲಿಲ್ಲ. ಪರದೇಶದಲ್ಲಿ ಒಬ್ಬ ಮನುಷ್ಯನನ್ನು ಹುರಿದು ಮುಕ್ಕಲು ಇಷ್ಟು ಸಾಕು. ಊರಿಗೆ ಹೊರಟವರೆಲ್ಲ ಶೆಟ್ರಿಗೆ ಫೋನ್ ಮಾಡುತ್ತಿದ್ದರು. ಊರಿಂದ ಬರುವವರೂ ಮಾಡುತ್ತಿದ್ದರು. ನಡುವಿನ ಹನ್ನೊಂದು ತಿಂಗಳು ಅವರ ನಂಬರ್ ಎಲ್ಲರ ಫೋನಿನಲ್ಲೂ ಸುಖವಾಗಿ ನಿದ್ದೆ ಮಾಡುತ್ತಿತ್ತು. ನನ್ನ ಫೋನಿನಲ್ಲಿ ಅವರ ಹೆಸರು "ಶೆಟ್ರು ಏರ್‌ಪೋರ್ಟ್" ಎಂದೇ ಇತ್ತು, ಈಗಲೂ ಇದೆ.

ಅವರ ಬಳಿ ಪೆಟ್ಟಿಗೆ ನೇತುಹಾಕಿ ತೂಗುವ ಒಂದು ಸಣ್ಣ ತಕ್ಕಡಿ ಇತ್ತು. ಊರಿಗೆ ಹೊರಟವರ ಮನೆಗೆ ಬಂದವರೇ ಮೊದಲು ಪೆಟ್ಟಿಗೆ ತೂಗಿ, ತೀರ್ಪು ಕೊಟ್ಟು, ನಂತರ ನೀರು ಕೇಳುತ್ತಿದ್ದರು. ಖರ್ಜೂರದ ಡಬ್ಬಿ ಯಾವ ಮೂಲೆಗೆ, ಟ್ಯಾಂಗ್ ಪುಡಿ ಯಾವ ಮೂಲೆಗೆ ಎಂಬುದರಲ್ಲಿ ಅವರ ಮಾತೇ ಕೊನೆ. "ಮೂರು ಕೆಜಿ ಜಾಸ್ತಿ ಉಂಟು. ಹೆಂಡತಿಯ ಸೀರೆ ತೆಗೆಯುವುದಾ, ಅತ್ತೆಯ ಮಿಕ್ಸಿ ತೆಗೆಯುವುದಾ, ನೀವೇ ಹೇಳಿ" ಎಂದು ಗಂಡಹೆಂಡಿರ ನಡುವೆ ಬೆಂಕಿ ಇಟ್ಟು, ಗಾಡಿಯಲ್ಲಿ ಕೂತು ಹಾರ್ನ್ ಹೊಡೆಯುತ್ತಿದ್ದರು.

ಒಮ್ಮೆ ಮೈಸೂರಿನಲ್ಲಿ ನನ್ನ ತಾಯಿ ಬಿದ್ದು ಸೊಂಟ ಮುರಿದುಕೊಂಡರು. ಅದೇ ಮಧ್ಯಾಹ್ನದ ವಿಮಾನಕ್ಕೆ ನಾನು ಹೊರಡಬೇಕಾಯಿತು. ಕಾರ್ಖಾನೆಯಿಂದ ನೇರವಾಗಿ ಬಂದ ಶೆಟ್ರು ನನ್ನನ್ನು ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ. ಮಾತು ನಿಲ್ಲಿಸುವುದು ಅವರಿಗೆ ಉಸಿರು ನಿಲ್ಲಿಸಿದಷ್ಟೇ ಕಷ್ಟ ಎಂದು ನನಗೆ ಗೊತ್ತಿತ್ತು. ಇಳಿದಾಗ ನೋಡಿದರೆ ನನ್ನ ಕಾಲಿನಲ್ಲಿ ಬಚ್ಚಲಿನ ಹವಾಯಿ ಚಪ್ಪಲಿ. ಶೆಟ್ರು ತಮ್ಮ ಶೂ ಬಿಚ್ಚಿ ನನ್ನ ಮುಂದಿಟ್ಟರು. "ಆಸ್ಪತ್ರೆಗೆ ಇದರಲ್ಲಿ ಹೋಗುದುಂಟಾ? ಹಾಕ್ಕೊಳ್ಳಿ, ಯಲ್ಲಾ, ಹೊರಡಿ" ಎಂದು ಜೂನ್ ತಿಂಗಳ ಕಾದ ಡಾಂಬರಿನ ಮೇಲೆ ಬರಿಗಾಲಿನಲ್ಲಿ ಕುಣಿಯುತ್ತ ಗಾಡಿ ಹತ್ತಿದರು. ಆ ಶೂ ವಾಪಸು ಕೊಡಬೇಕು ಎಂದು ನಾನು ಬಹಳ ದಿನ ಅಂದುಕೊಳ್ಳುತ್ತಿದ್ದೆ. ಅಂದುಕೊಳ್ಳುವುದರಲ್ಲಿ ನನ್ನನ್ನು ಮೀರಿಸುವವರು ಒಮಾನಿನಲ್ಲಿಲ್ಲ.

ಇಷ್ಟೆಲ್ಲ ಉಪಕಾರಕ್ಕೆ ಶೆಟ್ರು ಕೇಳುತ್ತಿದ್ದ ಪ್ರತಿಫಲ ಒಂದೇ: ಶುಕ್ರವಾರ ಮಧ್ಯಾಹ್ನ ಮನೆಗೆ ಬಂದು ಊಟ ಮಾಡಿ ಒಂದು ಸಿನಿಮಾ ನೋಡಬೇಕು. ಸಿನಿಮಾ ಯಾವಾಗಲೂ ಅದೇ. ಕಾರ್ಖಾನೆಗೆ ಯಂತ್ರ ಜೋಡಿಸಲು ಬಂದಿದ್ದ ಫ್ರಾನ್ಸಿನ ಎಂಜಿನಿಯರ್ ಒಬ್ಬ ವಾಪಸು ಹೋಗುವಾಗ, ಅವನನ್ನೂ ಏರ್‌ಪೋರ್ಟಿಗೆ ಬಿಟ್ಟವರು ಇವರೇ, ಒಂದು ಪೆನ್ ಡ್ರೈವ್ ಕೈಗಿಟ್ಟು "ಇದು ಸ್ನೇಹದ ಕತೆ, ತುಂಬ ನಗು" ಎಂದು ಹೇಳಿ ಹೋಗಿದ್ದ. ಪೂರ್ತಿ ಫ್ರೆಂಚ್. ಶೆಟ್ರಿಗೆ ಫ್ರೆಂಚಿನ ಗಂಧವೂ ಇರಲಿಲ್ಲ. ಸಬ್‌ಟೈಟಲ್ ಹುಡುಕಿ ಕೊಡಲೇ ಎಂದರೆ ಸಿಟ್ಟಾಗುತ್ತಿದ್ದರು. "ಓದ್ಲಿಕ್ಕೆ ಕೊಟ್ಟರೆ ಜನ ಓದ್ತಾ ಕೂರ್ತಾರೆ. ನನ್ನ ಮಾತು ಯಾರು ಕೇಳುದು?"

ಆದ್ದರಿಂದ ಶೆಟ್ರೇ ರಿಮೋಟ್ ಹಿಡಿದು, ಸನ್ನಿವೇಶ ನಿಲ್ಲಿಸಿ ನಿಲ್ಲಿಸಿ, ಕತೆ ಹೇಳುತ್ತಿದ್ದರು. ಒಬ್ಬ ತೋರದವ, ಒಬ್ಬ ಸಪೂರದವ; ಶೆಟ್ರ ಕನ್ನಡದಲ್ಲಿ ದಪ್ಪನೆಯವ, ತೆಳ್ಳನೆಯವ. ಒಂದೇ ಕಟ್ಟಡದಲ್ಲಿದ್ದೂ ಪರಿಚಯವಿಲ್ಲದ ಇಬ್ಬರು ಲಿಫ್ಟಿನಲ್ಲಿ ಸಿಕ್ಕಿಬೀಳುತ್ತಾರೆ. ಅಲ್ಲಿಂದ ಮುಂದಿನದೆಲ್ಲ ಶೆಟ್ರ ಪ್ರತಿಭೆ. ಅವರ ಪ್ಯಾರಿಸ್ಸಿನಲ್ಲಿ ಸಪೂರದವನಿಗೆ ವೀಸಾ ಕೊಟ್ಟ ಧಣಿ ಕಫೀಲ್ ರಜೆ ಕೊಡುವುದಿಲ್ಲ, ವೀಸಾ ಮುಗಿಯುತ್ತ ಬಂದಿದೆ, ಲಗೇಜು ಏಳು ಕೆಜಿ ಜಾಸ್ತಿ. ತೋರದವನಿಗೆ ನೂರಾರು ಸ್ನೇಹಿತರು. ಬಾಗಿಲು ತಟ್ಟಿದಲ್ಲೆಲ್ಲ ಊಟ. ಲಿಫ್ಟು ಮಾತ್ರ ದಿನಾ ಕೆಡುತ್ತದೆ, ಏಕೆಂದರೆ "ಅಲ್ಲಿಯೂ ಮೆಂಟೆನೆನ್ಸಿನವರು ನಮ್ಮವರ ಹಾಗೆಯೇ". ಕೊನೆಗೆ ಲಿಫ್ಟಿನ ಬಾಗಿಲು ಮುಚ್ಚುವಾಗ ಸಪೂರದವ ಒಂದು ಮಾತು ಹೇಳುತ್ತಾನೆ. ಶೆಟ್ರು ಅದನ್ನು ಗಂಟಲು ಸರಿಮಾಡಿಕೊಂಡು ಅನುವಾದಿಸುತ್ತಿದ್ದರು: "ನಾಳೆ ಬಾ." ಹಾಗಂತ ಅವರು ಹೇಳುತ್ತಿದ್ದುದು ಕೇಳಿ ಗೊತ್ತು. ಕೊನೆಯ ತನಕ ನಾನೇ ಕೂತವನಲ್ಲ. ನೀರುದೋಸೆ, ಕೋರಿ ಗಸಿ ಮುಗಿದ ಅರ್ಧ ಗಂಟೆಗೆಲ್ಲ ಹೆಚ್ಚಿನವರಿಗೆ ಏನೋ ಅರ್ಜೆಂಟು ನೆನಪಾಗುತ್ತಿತ್ತು.

ನನ್ನ ಮಗಳು ನಿಧಿ ಇಲ್ಲಿಯ ಇಂಡಿಯನ್ ಸ್ಕೂಲಿನಲ್ಲಿ ಎಂಟನೆಯ ತರಗತಿ. ಎರಡನೆಯ ಭಾಷೆ ಫ್ರೆಂಚ್, ಯಾಕೆಂದರೆ ಮಾರ್ಕ್ಸು ಬರುತ್ತದೆ. ಅಜ್ಜಿ ಬರೆದ ಕನ್ನಡದ ಕಾಗದ ಓದಲು ಬಾರದ ಮಗಳು ಫ್ರೆಂಚಿನಲ್ಲಿ ಪದ್ಯ ಹೇಳಿದರೆ ನಾನೂ ನನ್ನ ಹೆಂಡತಿ ಸುಮನಳೂ ಚಪ್ಪಾಳೆ ತಟ್ಟುತ್ತೇವೆ. ಒಂದು ಶುಕ್ರವಾರ ಸುಮನಳಿಗೆ ಮೈ ಸರಿಯಿಲ್ಲದೆ, ನಿಧಿಯನ್ನು ಶೆಟ್ರ ಮನೆಗೆ ಕರೆದುಕೊಂಡು ಹೋದೆ. ಅದು ಎಂಥ ಎಡವಟ್ಟು ಎಂದು ನನಗೂ ಹೊಳೆಯಲಿಲ್ಲ, ಶೆಟ್ರಿಗೂ ಹೊಳೆಯಲಿಲ್ಲ.

ತೋರದವ ಕೈಯಲ್ಲಿ ಪಾತ್ರೆ ಹಿಡಿದು ಸಪೂರದವನ ಬಾಗಿಲು ತಟ್ಟಿದ. ಸಪೂರದವ ಏನೋ ಅಂದ. ಶೆಟ್ರು ನಿಲ್ಲಿಸಿದರು. "'ನೀ ಬಾರದೆ ಎರಡು ದಿವಸ ಆಯ್ತು, ಊಟವೇ ಸೇರ್ಲಿಲ್ಲ' ಅಂತ ಹೇಳ್ತಿದ್ದಾನೆ."

"ನೋ ಅಂಕಲ್," ಎಂದಳು ನಿಧಿ, ಚಿಪ್ಸ್ ತಿನ್ನುತ್ತ. "ಪ್ಲೀಸ್ ಡೋಂಟ್ ಕಮ್ ಎವ್ರಿ ಡೇ ಅಂತಿದ್ದಾನೆ."

ನಾನು ಪ್ಲಾಸ್ಟಿಕ್ಕಿನ ಮೇಲೆ ಸರಿದು ಕೂತೆ. ಅದು ದೊಡ್ಡದಾಗಿ ಕಿರುಗುಟ್ಟಿತು. ಶೆಟ್ರು "ಹೌದಾ ಮಗಾ?" ಎಂದು ರಿಮೋಟನ್ನು ಮೊಣಕಾಲ ಮೇಲಿಟ್ಟುಕೊಂಡರು. ಆಮೇಲೆ ಅವರು ಕತೆ ಹೇಳಲಿಲ್ಲ, ಅವಳನ್ನು ಕೇಳುತ್ತ ಹೋದರು. ಅವಳು ಪರೀಕ್ಷೆಗೆ ಉತ್ತರ ಬರೆದಂತೆ ಒಂದೊಂದೇ ಹೇಳಿದಳು. ತೋರದವನಿಗೆ ಸ್ನೇಹಿತರಿಲ್ಲ. ಲಿಫ್ಟನ್ನು ಹಾಳು ಮಾಡುತ್ತಿದ್ದುದು ಮೆಂಟೆನೆನ್ಸಿನವರಲ್ಲ, ಅವನೇ.

"ಅವನೇ ಯಾಕೆ ಹಾಳು ಮಾಡುದು?"

"ಮತ್ತೆ ಇಬ್ರೂ ಸ್ಟಕ್ ಆಗ್ಲಿ ಅಂತ. ಹೀ ಇಸ್ ಲೋನ್ಲಿ, ಅಂಕಲ್."

ಆಗ ನಾನು ಗಡಿಯಾರ ನೋಡಿದೆ. ಸಿನಿಮಾ ಇನ್ನೂ ಅರ್ಧ ಗಂಟೆ ಇತ್ತು. ನನಗೆ ತರಕಾರಿ ತರುವುದಿತ್ತು. ಹೌದು, ತರಕಾರಿ. ಬದನೆಕಾಯಿ ಅರ್ಧ ಗಂಟೆ ಕಾಯುವುದಿಲ್ಲ ಎಂಬ ಮುಖ ಮಾಡಿಕೊಂಡು ಎದ್ದೆ. ಶೆಟ್ರು ಚಪ್ಪಲಿ ಗೂಡಿನ ತನಕ ಬಂದು ನಿಧಿಯನ್ನೇ ಕೇಳಿದರು: "ಕಡೆಗೆ ಸಪೂರದವ ಒಂದು ಮಾತು ಹೇಳ್ತಾನೆ ಮಗಾ. ನಾನು 'ನಾಳೆ ಬಾ' ಅಂತ ಮಾಡಿದ್ದೆ. ಅದೂ ತಪ್ಪಾ?" ಕೇಳದೆ ಹೇಗೆ ಹೇಳಲಿ ಎಂದಳು ಅವಳು. ಮುಂದಿನ ಶುಕ್ರವಾರ ಖಂಡಿತ ಎಂದೆ ನಾನು.

ಮುಂದಿನ ಶುಕ್ರವಾರ ಯೂನಿಟ್ ಟೆಸ್ಟು. ಅದರ ಮುಂದಿನದು ನಿಜ್ವಾಕ್ಕೆ ಪಿಕ್ನಿಕ್. ಆಮೇಲೆ ಯಾರದೋ ಹುಟ್ಟುಹಬ್ಬ, ಆಮೇಲೆ ನನಗೆ ನೆಗಡಿ. ಪ್ರತಿ ಗುರುವಾರ ಶೆಟ್ರ ಮೆಸೇಜು ಬರುತ್ತಿತ್ತು: "ನಾಳೆ ಫ್ರೀ ಉಂಟಾ? ಕಡೆಯದು ಮಾತ್ರ, ಹತ್ತು ನಿಮಿಷ." ಆ ತುಣುಕನ್ನು ನನ್ನ ಫೋನಿಗೆ ಕಳಿಸಿಬಿಡಿ, ನಿಧಿ ಅರ್ಥ ಬರೆದು ಕಳಿಸುತ್ತಾಳೆ ಎಂದು ಜಾಣತನ ತೋರಿಸಿದೆ. "ಅದು ಹಾಗೆ ಕೇಳುದಲ್ಲ ಮಾರಾಯ್ರೆ" ಎಂದು ಉತ್ತರ ಬಂತು. ಬೇರೆಯವರಿಂದ ತಿಳಿದದ್ದು, ಆ ದಿನದ ನಂತರ ಅವರು ಯಾರಿಗೂ ಸಿನಿಮಾ ಹಾಕಿರಲಿಲ್ಲ. ಊಟ ಹಾಕಿ, ಸುಮ್ಮನೆ ಕೂತು, ಕಳಿಸಿಕೊಡುತ್ತಿದ್ದರಂತೆ. ಸಿನಿಮಾದ ಕಾಟ ತಪ್ಪಿತು ಎಂದು ಜನ ಸಂತೋಷಪಟ್ಟರು.

ಹೀಗೆ ಆರು ತಿಂಗಳು ಕಳೆದ ಮೇಲೆ ಕಾರ್ಖಾನೆಯವರು ಶೆಟ್ರ ಕೆಲಸಕ್ಕೆ ಒಮಾನಿ ಹುಡುಗಿಯೊಬ್ಬಳನ್ನು ತೆಗೆದುಕೊಂಡರು. ನ್ಯಾಯವೇ, ದೇಶ ಅವರದು. ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಶೆಟ್ರು ಒಂದೇ ಸಾಲು ಬರೆದರು: ಬರುವ ಶುಕ್ರವಾರ ಸಂಜೆ ಫೈನಲ್ ಎಕ್ಸಿಟ್, ಇನ್ನು ಊರಲ್ಲೇ. ಅರ್ಧ ಗಂಟೆಯಲ್ಲಿ ಗುಂಪಿನ ತುಂಬ ಕೈಮುಗಿದ ಚಿತ್ರಗಳು, ಹೂಗುಚ್ಛಗಳು, "ನಿಮ್ಮಂಥವರು ವಿರಳ" ಎಂಬ ಶ್ರದ್ಧಾಂಜಲಿಗಳು. ವಿಮಾನ ಎಷ್ಟು ಗಂಟೆಗೆ ಎಂದು ಒಬ್ಬರೂ ಕೇಳಲಿಲ್ಲ. ಸೋಫಾ ಯಾರಿಗಾದರೂ ಕೊಡುತ್ತೀರಾ ಎಂದು ಮೂವರು ಕೇಳಿದರು.

ಆ ಶುಕ್ರವಾರ ನಾನು ನಿಧಿಯನ್ನು ಕರೆದುಕೊಂಡು ಹೋದೆ. ಬಾಗಿಲು ಪೂರ್ತಿ ತೆರೆಯಿತು, ನನಗೆ ಮೊದಲು ಹೆದರಿಕೆಯಾದದ್ದು ಅದಕ್ಕೇ. ಹಾಲ್ ಖಾಲಿ. ಸೋಫಾ ಹೋಗಿತ್ತು, ಟೀವಿಯೂ ಹೋಗಿತ್ತು. ಶೆಟ್ರು ನೆಲದ ಮೇಲೆ ಪತ್ರಿಕೆ ಹಾಸಿ ಕೂತು ತಮ್ಮ ಪೆಟ್ಟಿಗೆಯನ್ನು ತಾವೇ ತೂಗುತ್ತಿದ್ದರು. ಹನ್ನೆರಡು ಕೆಜಿ. "ನೋಡಿ, ಇಪ್ಪತ್ತಾರು ವರ್ಷಕ್ಕೆ ಹನ್ನೆರಡು ಕೆಜಿ. ನಿಮ್ಮ ಹಾಗೆ ಎಕ್ಸೆಸ್ಸಿನ ತಲೆಬಿಸಿ ಇಲ್ಲ" ಎಂದು ನಕ್ಕರು. ಏರ್‌ಪೋರ್ಟಿಗೆ ನಾನೇ ಬಿಡುತ್ತೇನೆ ಎಂದೆ. ಟ್ಯಾಕ್ಸಿಗೆ ಹೇಳಿ ಆಯ್ತು, ಖಲಾಸ್ ಎಂದರು. ಇನ್ನೊಮ್ಮೆ ಹೇಳಿದೆ. ಮೂರನೆಯ ಸಲ ಹೇಳಿದರೆ ಎಲ್ಲಿ ಒಪ್ಪಿಬಿಡುತ್ತಾರೋ ಎಂದು ಸುಮ್ಮನಾದೆ. ಸಂಜೆ ನಮ್ಮ ಮನೆಗೆ ಯಾರೋ ಬರುವವರಿದ್ದರು.

ಹೊರಡುವಾಗ ಶೆಟ್ರು ಜೇಬಿನಿಂದ ಪೆನ್ ಡ್ರೈವ್ ತೆಗೆದು ನಿಧಿಯ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು. "ನೋಡಿ ಹೇಳು ಮಗಾ. ತಪ್ಪಾದರೂ ತೊಂದರೆ ಇಲ್ಲ, ನಿಜ ಹೇಳು." ಊರಿನ ನಂಬರ್ ಆದ ಮೇಲೆ ತಿಳಿಸುತ್ತೇನೆ ಎಂದರು. ಅವರ ಕಾಲಲ್ಲಿ ಸ್ಯಾಂಡಲ್ಸ್ ಇತ್ತು. ನನಗೆ ಆ ಶೂ ನೆನಪಾಯಿತು, ನಾಚಿಕೆಯಾಯಿತು, ಮೆಟ್ಟಿಲಿಳಿದೆ.

ಸಿನಿಮಾ ನೋಡಿದ್ದು ಮೂರು ವಾರದ ಮೇಲೆ. ಕೊನೆಯ ದೃಶ್ಯ ಬಂತು. ತೋರದವ ಲಿಫ್ಟಿನೊಳಗೆ, ಸಪೂರದವ ಹೊರಗೆ. ಬಾಗಿಲು ಮುಚ್ಚುತ್ತಿದ್ದಂತೆ ಸಪೂರದವ ಮುಖ ಗಂಟಿಕ್ಕಿಕೊಂಡೇ ಎರಡು ಶಬ್ದ ಹೇಳಿದ. ನಾನು ನಿಧಿಯ ಮುಖ ನೋಡಿದೆ.

"ಸೀ ಯು ಟುಮಾರೋ ಅಂತ ಅಪ್ಪ. ಇಷ್ಟೇನಾ? ಇದು ಫಸ್ಟ್ ಚಾಪ್ಟರಲ್ಲೇ ಇದೆ."

ಇಡೀ ಸಿನಿಮಾದಲ್ಲಿ ಶೆಟ್ರು ಒಂದು ಮಾತನ್ನೂ ಸರಿಯಾಗಿ ಹೇಳಿರಲಿಲ್ಲ. ಇದೊಂದನ್ನು ಬಿಟ್ಟು. ನಾನು ಕೂಡಲೇ "ಶೆಟ್ರು ಏರ್‌ಪೋರ್ಟ್" ನಂಬರಿಗೆ ಫೋನ್ ಮಾಡಿದೆ. ಈ ನಂಬರ್ ಚಾಲ್ತಿಯಲ್ಲಿಲ್ಲ ಎಂದು ಒಬ್ಬ ಹೆಂಗಸು ಮೊದಲು ಅರಬ್ಬಿಯಲ್ಲಿ, ಮತ್ತೆ ಇಂಗ್ಲಿಷಿನಲ್ಲಿ ಬಹಳ ಮರ್ಯಾದೆಯಿಂದ ತಿಳಿಸಿದಳು. ಗುಂಪಿನಲ್ಲಿ ಕೇಳಿದೆ, ಯಾರ ಬಳಿಯೂ ಊರಿನ ನಂಬರ್ ಇರಲಿಲ್ಲ. ಹೆಸರು ಕೇಳಿದೆ. ಸದಾನಂದ ಎಂದರು ಒಬ್ಬರು, ಸದಾಶಿವ ಇರಬೇಕು ಎಂದರು ಇನ್ನೊಬ್ಬರು, ಅವರು ಶೆಟ್ರೇ ಅಲ್ಲ, ರೈ ಎಂದು ಮೂರನೆಯವರು ವಾದಕ್ಕಿಳಿದರು. ಊರು ಕಾರ್ಕಳದ ಹತ್ತಿರ ಎಂದು ಅವರೇ ಒಮ್ಮೆ ಹೇಳಿದ್ದು ನನಗೆ ನೆನಪಿದೆ. ಹತ್ತಿರ ಅಂದರೆ ಎಲ್ಲಿ ಎಂದು ಕೇಳುವ ಪುರುಸೊತ್ತು ಹನ್ನೊಂದು ವರ್ಷದಲ್ಲಿ ನನಗೆ ಸಿಕ್ಕಿರಲಿಲ್ಲ.

ನಿಧಿ ಬಿಡುವುದಿಲ್ಲ. "ಅಂಕಲ್‌ಗೆ ಹೇಳಿದ್ಯಾ ಅಪ್ಪ? ದಟ್ ಒನ್ ಹೀ ಗಾಟ್ ರೈಟ್" ಎಂದು ಆಗಾಗ ಕೇಳುತ್ತಾಳೆ. ರುಸೈಲ್‌ನ ಆ ಕಾರ್ಖಾನೆಗೆ ಹೋಗಿ ವಿಚಾರಿಸಿದರೆ ವಿಳಾಸ ಸಿಕ್ಕೀತು, ನಮ್ಮ ಮನೆಯಿಂದ ಅರ್ಧ ಗಂಟೆಯ ದಾರಿ. ಈ ಶುಕ್ರವಾರ ಹೋಗುತ್ತೇನೆ ಎಂದು ಅವಳಿಗೆ ಪ್ರತಿ ಸಲವೂ ಹೇಳುತ್ತೇನೆ. ಶುಕ್ರವಾರ ಕಾರ್ಖಾನೆಗೆ ರಜೆ ಎಂದು ನನಗೆ ಗೊತ್ತು. ಮೊನ್ನೆಯಿಂದ ಅವಳಿಗೂ ಗೊತ್ತಾಗಿದೆ.