ಮಂಗಗಳ ಮೇಲೆ ಹೊರಿಸಿದ ತಪ್ಪು

ನಮ್ಮ ಮಾಳಿಗೆಯ ತಗಡಿಗೆ ಮಳೆನೀರು ಹರಿದುಹೋಗುವ ದೋಣಿ ಕಟ್ಟಿದವನು ನಾನು. ಅದರಿಂದ ನೀರು ಹೊರಚೆಲ್ಲಿದಾಗ, ಮಂಗಗಳು ಹಾಳು ಮಾಡಿದವು ಎಂದು ಅಕ್ಕನಿಗೆ ಹೇಳಿದವನೂ ನಾನೇ.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಕಾಶಿಯ ಜಂಗಮವಾಡಿ ಓಣಿಯಲ್ಲಿ ನಮ್ಮ ಮನೆ. ಗಂಡ ತೀರಿಕೊಂಡ ಮೇಲೆ ಅಕ್ಕ ನನ್ನ ಜೊತೆಗೇ ಇದ್ದಳು. ನಮ್ಮ ನಾಡಿನಿಂದ ಬರುವ ಯಾತ್ರಿಕರಿಗೆ ಮಾಳಿಗೆಯ ಮೇಲೆ ರೊಟ್ಟಿ ಬಡಿದು ಊಟ ಹಾಕುತ್ತಿದ್ದಳು. ಅವರನ್ನು ದಶಾಶ್ವಮೇಧ ಘಾಟಿಗೆ ಕರೆದೊಯ್ದು ಪೂಜೆ ಮಾಡಿಸುವವರ ಹತ್ತಿರ ಬಿಡುವುದು ನನ್ನ ಕೆಲಸ. ಪೂಜೆ ನಾನೇ ಮಾಡಿಸಬೇಕೆಂದು ಅಪ್ಪನಿಗೆ ಆಸೆಯಿತ್ತು. ಆದರೆ ಶಾಲೆಯ ಪಾಠದ ಹಾಗೆ ಮಂತ್ರವೂ ನನ್ನ ತಲೆಗೆ ಹತ್ತಲಿಲ್ಲ. "ಇವನ ಕೈಯಾಗ ಒಂದು ಕೆಲಸಾನೂ ನೆಟ್ಟಗ ಆಗಂಗಿಲ್ಲ" ಎಂದು ಅಪ್ಪ ಬಂದವರೆದುರಿಗೇ ಅನ್ನುತ್ತಿದ್ದರು. ಅಕ್ಕ ಮಾತ್ರ ಯಾವತ್ತೂ ಹಾಗೆ ಅಂದವಳಲ್ಲ.

ಅಕ್ಕನಿಗೆ ಮಂಗಗಳೆಂದರೆ ಜೀವ. ನಮ್ಮವರಿಗೆ ಹನುಮಪ್ಪನ ವಾರ ಶನಿವಾರ, ಇಲ್ಲಿಯವರಿಗೆ ಮಂಗಳವಾರ. ಅಕ್ಕ ಎರಡನ್ನೂ ಹಿಡಿದಿದ್ದಳು. ನೆನೆಸಿದ ಕಡಲೆ ತಂದು ಕೈ ಚಾಚಿದರೆ ಓಣಿಯ ಮಂಗಗಳು ಅವಳ ಅಂಗೈಯಿಂದಲೇ ಎತ್ತಿಕೊಂಡು ತಿನ್ನುತ್ತಿದ್ದವು. ಬೇರೆಯವರ ಹತ್ತಿರ ಅವು ಅಷ್ಟು ಸುಲಭವಾಗಿ ಬರುತ್ತಿರಲಿಲ್ಲ.

ಅಡುಗೆಯ ಜಾಗಕ್ಕೆ ಬಿಸಿಲು ಮಳೆ ತಾಗದಿರಲೆಂದು ಆ ಬೇಸಿಗೆಯಲ್ಲಿ ತಗಡು ಹೊದಿಸಿದೆವು. ಅಂಚಿಗೆ ದೋಣಿ ಕಟ್ಟಲು ಮಿಸ್ತ್ರಿಯನ್ನು ಕರೆಯೋಣ ಎಂದಳು ಅಕ್ಕ. "ಅದೇನ್ ದೊಡ್ಡ ಕೆಲಸಕ್ಕಾ? ನಾ ಕಟ್ತೀನಿ ಬಿಡು" ಎಂದೆ. ಕೊಕ್ಕೆ ಹೊಡೆದು ತಗಡಿನ ಅಂಚಿಗೆ ಸಮನಾಗಿ ದೋಣಿ ಕೂರಿಸಿದೆ. ಒಂದು ತುದಿಗೆ ಓಣಿಯ ಮೋರಿಗೆ ಇಳಿಯುವ ಪೈಪು ಜೋಡಿಸಿದೆ. ಕೆಳಗಿನಿಂದ ನೋಡಿದರೆ ಗೆರೆ ಎಳೆದಂತೆ ಕಾಣುತ್ತಿತ್ತು. ಅಕ್ಕ ಅಕ್ಕಪಕ್ಕದವರನ್ನೆಲ್ಲ ಕರೆದು ತೋರಿಸಿದಳು. ನಾನು ಮಾಡಿದ್ದನ್ನು ಒಬ್ಬರು ಇನ್ನೊಬ್ಬರಿಗೆ ತೋರಿಸಿದ್ದು ಅದೇ ಮೊದಲು.

ಮೊದಲ ದೊಡ್ಡ ಮಳೆಗೆ ನೀರು ಪೈಪಿನ ಕಡೆ ಹೋಗಲೇ ಇಲ್ಲ. ಎದುರು ತುದಿಯಲ್ಲಿ ತುಂಬಿ ಉಕ್ಕಿ, ಮಾಳಿಗೆಯ ಮೇಲೇ ಇದ್ದ ಅಕ್ಕನ ಕೋಣೆಯ ಹೊಸ್ತಿಲು ದಾಟಿ, ಜೋಳದ ಹಿಟ್ಟಿನ ಚೀಲವನ್ನು ತೋಯಿಸಿತು. ನಾನು ಏಣಿ ಹತ್ತಿ ದೋಣಿಯೊಳಗೆ ಕೈ ಹಾಕಿದೆ. ಪೈಪಿನ ಹತ್ತಿರ ಬೆರಳಿನ ತುದಿ ಮಾತ್ರ ನೆನೆಯಿತು. ಆ ಕಡೆಯ ತುದಿಯಲ್ಲಿ ಮಣಿಕಟ್ಟಿನವರೆಗೆ ನೀರು ಸುಮ್ಮನೆ ನಿಂತಿತ್ತು.

ನೋಡಿದೊಡನೆ ತಿಳಿಯಿತು. ನಮ್ಮ ಓಣಿಯ ಹಳೆಯ ಮನೆಗಳು ಒಂದೊಂದು ಬದಿಗೆ ಕುಸಿದು ನಿಂತಿವೆ. ನಮ್ಮ ಗೋಡೆಯೂ ಪೈಪಿನ ಎದುರು ಬದಿಗೆ ತುಸು ಇಳಿದಿತ್ತು. ಅದರ ಮೇಲಿನ ತಗಡೂ ಹಾಗೇ ವಾಲಿತ್ತು. ನಾನು ಮಟ್ಟ ನೋಡದೆ ತಗಡನ್ನೇ ನಂಬಿ, ಪೈಪಿನ ತುದಿಯನ್ನು ಎತ್ತರದಲ್ಲಿ ಬಿಟ್ಟಿದ್ದೆ.

"ಯಾಕೋ ತಮ್ಮಾ, ಏನಾಗೇತಿ?" ಕೆಳಗಿನಿಂದ ಅಕ್ಕ ಕೇಳಿದಳು. ಅವಳ ಹಿಂದೆ ಊಟಕ್ಕೆ ಕೂತಿದ್ದ ಯಾತ್ರಿಕರೂ ನನ್ನನ್ನೇ ನೋಡುತ್ತಿದ್ದರು.

"ಮಂಗ್ಯಾಗಳು ಕುಂತು ಬಗ್ಗಿಸ್ಯಾವಕ್ಕಾ" ಎಂದೆ.

ಹಿಂದಿನ ದಿನ ಮಂಗಗಳು ದೋಣಿಯ ಮೇಲೆ ಕೂತಿದ್ದೇನೋ ನಿಜ. ಆದರೆ ದೋಣಿ ಎಲ್ಲಿಯೂ ಬಗ್ಗಿರಲಿಲ್ಲ.

ಆ ಮಂಗಳವಾರ ಅಕ್ಕ ಕಡಲೆ ನೆನೆಸಲಿಲ್ಲ. ಮಂಗಗಳು ಎಂದಿನಂತೆ ಬಂದು ಕಾದವು. ಅವಳು ಬಿದಿರಿನ ಕೋಲು ಹಿಡಿದು ಬಂದಳು. ಎದುರು ಛಾವಣಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಹೆಂಗಸು ನಕ್ಕು, "ಕಾ ದೀದೀ, ಕಲ್ ತಕ್ ಚನಾ, ಆಜ್ ಡಂಡಾ?" ಎಂದಳು. ನಿನ್ನೆ ಕಡಲೆ ಕೊಟ್ಟ ಕೈಯಲ್ಲಿ ಇವತ್ತು ದೊಣ್ಣೆಯೇ ಎಂದು ಚುಚ್ಚು ಮಾತು. ಅಕ್ಕ ತನ್ನ ಮುರುಕು ಹಿಂದಿಯಲ್ಲಿ, "ಹಮಾರಾ ಭಾಯಿ ಇತ್ನಾ ಮೆಹನತ್ ಸೇ ಬನಾಯಾ, ಸಬ್ ಖರಾಬ್ ಕರ್ ದಿಯಾ" ಎಂದಳು. ತಮ್ಮ ಅಷ್ಟು ಕಷ್ಟಪಟ್ಟು ಕಟ್ಟಿದ್ದನ್ನು ಇವು ಕೆಡಿಸಿದವು ಎಂದು ನನ್ನ ಪರ ವಾದ. ನಾನು ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡೆ. ಆಗ ಹೇಳಬಹುದಿತ್ತು.

ಮಳೆ ಬಂದಾಗಲೆಲ್ಲ ನೀರು ಉಕ್ಕಿತು, ಉಕ್ಕಿದಾಗಲೆಲ್ಲ ಅಕ್ಕ ಕಾವಲನ್ನು ಬಿಗಿ ಮಾಡಿದಳು. ಒಂದು ಸಂಜೆ ಮರಿಯನ್ನು ಹೊಟ್ಟೆಗೆ ಅವಚಿಕೊಂಡಿದ್ದ ತಾಯಿ ಮಂಗವೊಂದು ದೋಣಿ ಹಿಡಿದು ಇಳಿಯುತ್ತಿತ್ತು. ಅಕ್ಕ ಬೀಸಿದ ಕೋಲು ಅದರ ಕೈಗೆ ಬಿತ್ತು. ಅದು ಕಿರುಚಿ, ಆ ಕೈಯನ್ನು ನೆಲಕ್ಕೆ ಊರದೆ ಕುಂಟುತ್ತ ಪಕ್ಕದ ಮಾಳಿಗೆಗೆ ಹೋಯಿತು. ಅಕ್ಕ ಕೋಲು ಕೆಳಗಿಟ್ಟು ಅಲ್ಲೇ ಕೂತಳು. ಅಂದು ಊಟ ಮಾಡಲಿಲ್ಲ.

ಮರುದಿನ ನನ್ನ ಬದಲು ಅವಳು ಯಾತ್ರಿಕರ ಜೊತೆ ಘಾಟಿಗೆ ಹೋಗಿದ್ದಾಗ ನಾನು ಕೊಕ್ಕೆಗಳನ್ನೆಲ್ಲ ಕಿತ್ತೆ. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ, ಎರಡೂ ತುದಿಯಲ್ಲಿ ಮಟ್ಟ ಗುರುತು ಹಾಕಿಕೊಂಡೆ. ದಾರ ಕಟ್ಟಿ, ಮೋರಿಯ ಕಡೆಗೆ ಇಳಿಜಾರು ಕೊಟ್ಟು ಕೊಕ್ಕೆಗಳನ್ನು ಮತ್ತೆ ಹೊಡೆದೆ. ಕೊಡದಿಂದ ನೀರು ಸುರಿದೆ. ಒಂದು ಹನಿಯೂ ನಿಲ್ಲದೆ ಹರಿದುಹೋಯಿತು. ಇಷ್ಟೇ ಕೆಲಸವಾಗಿತ್ತು. ಕೆಳಗಿನಿಂದ ನೋಡಿದರೆ ಈಗ ದೋಣಿ ಸೊಟ್ಟಗೆ ಕಾಣುತ್ತಿತ್ತು.

ಅಕ್ಕ ಬಂದು ಕೇಳಿದಾಗ, "ಬಗ್ಗಿದ್ದನ್ನ ಸರಿ ಮಾಡೀನಿ" ಎಂದೆ. ಅದು ಎರಡನೆಯ ಸುಳ್ಳು. ಆಮೇಲೆ ಬಂದ ಮಳೆಗೆ ಕೋಣೆ ಒಣಗಿಯೇ ಇತ್ತು. ರೊಟ್ಟಿ ಬಡಿಸುತ್ತ ಅಕ್ಕ, "ಇನ್ನ ಒಂದ್ ಮಂಗ್ಯಾನೂ ಈ ಕಡೆ ಬರಗೊಡಂಗಿಲ್ಲ ನೋಡು. ಮತ್ತ ಕೆಡಿಸಿದ್ರ ನಿಂಗ ಎಷ್ಟ್ ತ್ರಾಸು" ಎಂದಳು. ನಾನು ಮುರಿದ ರೊಟ್ಟಿಯನ್ನು ತಟ್ಟೆಗೆ ವಾಪಸ್ಸು ಇಟ್ಟೆ.

"ಅಕ್ಕಾ, ಮಂಗ್ಯಾ ಬಗ್ಗಿಸಿರಲಿಲ್ಲ. ನಾನ ತಪ್ಪು ಕಟ್ಟಿದ್ದೆ. ಮೊದಲನೇ ದಿನಾನ ಗೊತ್ತಿತ್ತು."

ಅವಳ ಕೈ ರೊಟ್ಟಿಯ ಬುಟ್ಟಿಯ ಮೇಲೇ ನಿಂತಿತು. "ನೀರು ಬಂದ್ರ ಬರ್ತಿತ್ತು, ಒರಸ್ತಿದ್ದೆ" ಎಂದಳು. ಮತ್ತೆ, "ಆ ತಾಯಿ ಮಂಗ್ಯಾನ ಕೈಗೆ ಹೊಡದೆನಲ್ಲೋ" ಎಂದಳು. ನನ್ನನ್ನು ಬೈಯಲಿಲ್ಲ.

ಶನಿವಾರ ಅವಳು ಕಡಲೆ ನೆನೆಸಿ ಮೇಲೆ ಬಂದಳು. ಕೋಲು ಕೈಯಲ್ಲಿರಲಿಲ್ಲ. ಅವಳು ಕೈ ಚಾಚುತ್ತಲೇ ಮಂಗಗಳು ಚೆಲ್ಲಾಪಿಲ್ಲಿಯಾಗಿ ಎದುರು ಛಾವಣಿ ಸೇರಿ, ಅಲ್ಲಿಂದ ಹಲ್ಲು ಕಿರಿದವು. ಮಂಗಳವಾರವೂ ಅದೇ ಆಯಿತು. ಕಡಲೆ ಸುರಿದು ದೂರ ಸರಿದರೂ, ಅವಳ ಸೀರೆಯ ಸೆರಗು ಕಾಣುತ್ತಿರುವಷ್ಟು ಹೊತ್ತು ಒಂದೂ ಇಳಿಯಲಿಲ್ಲ.

ಕೊನೆಗೆ ಅಕ್ಕ ಬಟ್ಟಲನ್ನು ನನ್ನ ಕೈಗಿಟ್ಟಳು. "ನೀನ ಹಾಕು. ನಿನ್ನ ಕಂಡ್ರ ಅವಕ್ಕ ಅಂಜಿಕಿ ಇಲ್ಲ."

ನಾನು ಹಾಕಿದೆ. ಒಂದೊಂದಾಗಿ ಇಳಿದು ಬಂದವು. ಊದಿದ ಕೈಯ ತಾಯಿಯೂ ಬಂದು, ಇನ್ನೊಂದು ಕೈಯಿಂದ ನನ್ನ ಅಂಗೈಯ ಕಡಲೆ ಆರಿಸಿಕೊಂಡಿತು. ಅಕ್ಕ ಬಾಗಿಲ ಸಂದಿಯಿಂದ ನೋಡುತ್ತ, "ತಿಂತೇತೇನೋ? ಆ ಕೈ ಆಡಸ್ತೇತೇನು?" ಎಂದು ಪಿಸುದನಿಯಲ್ಲಿ ಕೇಳುತ್ತಿದ್ದಳು.