ಕೆರೆ ಏರಿಯ ಮೇಲೆ ಚಂದ್ರನೌಕೆಗೆ ಕಾದವರು

ಆಗುವುದಿಲ್ಲ ಅಂದವರು ನಮ್ಮ ದೊಡ್ಡಪ್ಪ ತಿಪ್ಪೇಸ್ವಾಮಿ. ರಾಯದುರ್ಗದ ಬಸ್ ನಿಲ್ದಾಣದಲ್ಲಿ, ನಾಲ್ಕು ಜನ ಕೇಳುವ ಹಾಗೆ ಅಂದರು: “ಮನುಷ್ಯಾರು ಚಂದ್ರನ ಮ್ಯಾಲೆ ಮನಿ ಕಟ್ಟಿದ್ರೂ ಕಟ್ಯಾರು, ನಮ್ಮ ಮನ್ಯಾಗ ಒಬ್ರು ಡಾಕ್ಟರೇಟ್ ತಗೊಳ್ಳೂದು ಆಗೂದಿಲ್ಲವ್ವ.” ನನಗೆ ಸಿಟ್ಟು ಬರಲಿಲ್ಲ. ನಮ್ಮ ಮನೆಯಲ್ಲಿ ಹತ್ತನೇ ತರಗತಿ ದಾಟಿದವಳು ನಾನೊಬ್ಬಳೇ. ಅಲ್ಲದೆ, ನಾನು ಸಂಶೋಧನೆಗೆ ಆರಿಸಿಕೊಂಡ ವಿಷಯವೂ ಹೆಚ್ಚುಕಡಿಮೆ ಚಂದ್ರನ ಮೇಲೆ ಮನೆ ಕಟ್ಟುವುದೇ ಆಗಿತ್ತು.

ವಿಷಯವೆಂದರೆ ಶಂಕ್ರಪ್ಪ ಮೇಷ್ಟ್ರು. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಕಣೇಕಲ್ಲಿನಲ್ಲಿ ಪಾಠ ಹೇಳುತ್ತ, ಕನ್ನಡದಲ್ಲಿ ಹನ್ನೊಂದು ವೈಜ್ಞಾನಿಕ ಕಥೆ ಬರೆದವರು. ಬಳ್ಳಾರಿಯ ಒಂದು ಮಾಸಪತ್ರಿಕೆ ಅವನ್ನು ಅಚ್ಚು ಹಾಕಿತು. ಹನ್ನೊಂದನೆಯದು ಬಂದ ಮೇಲೆ ಪತ್ರಿಕೆಯೇ ನಿಂತುಹೋಯಿತು. ಅದರಲ್ಲಿ ಮೇಷ್ಟ್ರ ಪಾತ್ರವೆಷ್ಟು ಎಂಬುದನ್ನು ನನ್ನ ಪ್ರಬಂಧ ಚರ್ಚಿಸಿಲ್ಲ. ಅವರ ಆಕಾಶಯಾನಿಗಳು ರಾಕೆಟ್ಟಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಾರೆ. ಮಂಗಳದಲ್ಲಿ ಇಳಿದವರು ಮೊದಲು ವಿಚಾರಿಸುವುದು ಇಲ್ಲಿ ಬಾವಿ ಎಷ್ಟು ಆಳಕ್ಕೆ ತೋಡಬೇಕು ಎಂದು. ದೂರದೇಶಗಳ ಕಥೆಗಳಲ್ಲಿ ಬೇರೆ ಲೋಕದವರು ಬಂದರೆ ಜನ ಬಂದೂಕು ತೆಗೆಯುತ್ತಾರಂತೆ. ಮೇಷ್ಟ್ರ ಕಥೆಗಳಲ್ಲಿ ಊಟ ಆಯಿತೇ ಎಂದು ಕೇಳುತ್ತಾರೆ. ಈ ಒಂದು ವ್ಯತ್ಯಾಸದ ಮೇಲೆ ನಾನು ನಲವತ್ತು ಪುಟ ಬರೆದೆ.

ಗೈಡ್ ಸರ್ ಅಷ್ಟನ್ನೂ ಓದಿ ಬದಿಗಿಟ್ಟರು. “ಎಲ್ಲಾ ಸರಿ ಐತ್ರಿ. ಆದ್ರ ಇವ್ರನ್ನ ಓದಿದವ್ರು ಯಾರು? ಓದುಗರೇ ಇಲ್ಲದ ಲೇಖಕನ ಮ್ಯಾಲೆ ಡಾಕ್ಟರೇಟ್ ಯಾಕ ಕೊಡ್ಬೇಕು? ಒಬ್ಬರನ್ನಾರ ತೋರಿಸ್ರಿ.” ಪತ್ರಿಕೆಯವರು ಬದುಕಿಲ್ಲ, ಚಂದಾದಾರರ ಪಟ್ಟಿ ಉಳಿದಿಲ್ಲ. ನನ್ನ ಐದು ವರ್ಷದ ಓದು ಒಬ್ಬೇ ಒಬ್ಬ ಓದುಗ ಸಿಗದೆ ನಿಂತುಬಿಟ್ಟಿತು.

ಊಟಕ್ಕೆ ಕೂತಾಗ ಅಜ್ಜಿಯ ಮುಂದೆ ಗೊಣಗಿದೆ. ಅಜ್ಜಿ ಅಕ್ಷರ ಕಲಿತವಳಲ್ಲ. “ಯಾವ ಶಂಕ್ರಪ್ಪ ಮೇಷ್ಟ್ರು? ಹೋಟ್ಲಾಗ ಪೇಪರ್ ಓದತಿದ್ರಲ್ಲ, ಅವ್ರಾ?” ಅಂದಳು.

ಸಂಗತಿ ಇಷ್ಟು. ಮೇಷ್ಟ್ರು ಸಂಜೆ ಹೋಟೆಲಿನ ಕಟ್ಟೆಯ ಮೇಲೆ ಕೂತು ಊರವರಿಗೆ ಪತ್ರಿಕೆ ಓದಿ ಹೇಳುತ್ತಿದ್ದರು. ಸುದ್ದಿ ಮುಗಿದರೆ ಅದೇ ದನಿಯಲ್ಲಿ ತಮ್ಮ ಕಥೆ. ‘ಇನ್ನು ಮುಂದಿನದು ಕಥೆ’ ಎಂದು ತಿಳಿಸುವ ಅಭ್ಯಾಸ ಅವರಿಗಿರಲಿಲ್ಲ. ಒಂದು ಸಂಜೆ ಓದಿದರು: ಹುಣ್ಣಿಮೆಯ ಮಾರನೆಯ ದಿನ ಚಂದ್ರಲೋಕದ ನೌಕೆ ಕಣೇಕಲ್ಲು ಕೆರೆಯ ಮೇಲೆ ಬಂದು ನಿಲ್ಲುತ್ತದೆ, ಏರಿಯ ಮೇಲೆ ಕಾಯುವವರು ಒಬ್ಬರೂ ಕಾಣದೆ ಹಿಂದಿರುಗುತ್ತದೆ. ಆ ಊರಿನವನೇ ಆದ ಅಜ್ಜಿಯ ಅಪ್ಪನಿಗೆ ಇದನ್ನು ತಡೆಯಲಾಗಲಿಲ್ಲ. ಅಷ್ಟು ದೂರದಿಂದ ಬಂದವರು ಬರಿಗೈಲಿ ಹೋದರೆ ಊರಿನ ಮರ್ಯಾದೆ ಏನಾಗಬೇಕು? ಆ ದಿನ ಬೆಳಿಗ್ಗೆಯೇ ಬುತ್ತಿ ಕಟ್ಟಿಕೊಂಡು ಎರಡು ಬಂಡಿ ಜನ ಏರಿಯ ಮೇಲೆ ಹಾಜರು. ಎಂಟು ವರ್ಷದ ಅಜ್ಜಿಯೂ ಹೋದಳು.

“ಮೇಷ್ಟ್ರು ಸೈಕಲ್ ಮ್ಯಾಲೆ ಏದುಸಿರು ಬಿಡಕೋತ ಬಂದ್ರು. ಸುಳ್ಳು ಅಂತ ಹೇಳಾಕ ಬಂದಿದ್ರು ಕಾಣ್ತೈತಿ. ನಮ್ಮ ಬುತ್ತಿಗಂಟು ನೋಡಿ ಸುಮ್ಕ ಕುಂತ್ರು. ಹೊತ್ತು ಮುಣುಗೂ ತನಕ ನಮ್ಮ ಜೋಡಿ ಕಾದ್ರು.”

“ನೌಕೆ?”

“ಬರ್ಲಿಲ್ಲ. ಬಸ್ಸೂ ಹಂಗಾ ಮಾಡ್ತೈತಿ, ಏನ್ ಮಾಡಾಕಾಗ್ತೈತಿ?”

ಮೌಖಿಕ ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು: ಇವರ ಓದುಗರು ಯಾರು? ಎರಡು ಬಂಡಿ ಜನ ಎಂದು ಶುರುಮಾಡಿ ಎಲ್ಲ ಹೇಳಿದೆ. ಹೊರಗಿನಿಂದ ಬಂದಿದ್ದ ಪರೀಕ್ಷಕರು ಮೊದಲು ನಕ್ಕರು. ಆಮೇಲೆ ಬುತ್ತಿಯಲ್ಲಿ ಏನಿತ್ತು ಎಂದು ಕೇಳಿದರು. ಜೋಳದ ರೊಟ್ಟಿ, ಶೇಂಗಾ ಚಟ್ನಿ ಅಂದೆ. ಬರೆದುಕೊಂಡರು. ಅದರ ಕೆಳಗೇ ಒಪ್ಪಿಗೆಯ ಸಹಿ ಹಾಕಿದರು.

ಪ್ರಬಂಧದ ಹೆಸರೂ ಅಚ್ಚಾಗಿದ್ದ ಪ್ರಮಾಣಪತ್ರ ತಂದು ದೊಡ್ಡಪ್ಪನ ಎದುರಿಗೇ ಅಜ್ಜಿಯ ಕೈಗೆ ಕೊಟ್ಟೆ. ದೊಡ್ಡಪ್ಪ ಅದನ್ನು ಇಸಿದುಕೊಂಡು, ಮುದ್ರೆ ಅಸಲಿಯೇ ಎಂದು ಬಾಗಿಲ ಬೆಳಕಿಗೆ ಹಿಡಿದು ನೋಡಿ, ಹಿಂದಕ್ಕೆ ಕೊಟ್ಟರು. ಅಜ್ಜಿ ನನ್ನಿಂದ ಎರಡು ಸಲ ಓದಿಸಿದಳು. ಅಕ್ಷರಗಳ ಮೇಲೆ ಬೆರಳಾಡಿಸಿದಳು.

“ಮೇಷ್ಟ್ರ ಹೆಸರೈತಿ, ನಿನ್ನ ಹೆಸರೈತಿ. ಬಿಸಲಾಗ ಕುಂತು ಕಾದಾಕಿ ನಾನು. ನನ್ನ ಹೆಸರು ಎಲ್ಲೈತಿ?”