ಮಾಬೂಬಿ ಮಾಡಿದ ಹಲಗೆ

ನನ್ನ ಹೆಸರಿನಿಂದ ನಾಲ್ಕು ಊರಲ್ಲಿ ಹೆಸರಾದ ಹಲಗೆ ನನ್ನದಲ್ಲ. ಅದರ ಗುಟ್ಟು ಕಂಡುಹಿಡಿದವಳು ನನ್ನ ಶೆಡ್ಡಿಗೆ ದಿನಗೂಲಿಗೆ ಬರುತ್ತಿದ್ದ ಮಾಬೂಬಿ. ನಾನು ಅದನ್ನು ಕದ್ದೆ — ಕದ್ದದ್ದು ಸಾಲದೆಂಬಂತೆ ಅವಳನ್ನು ಕೆಲಸದಿಂದಲೂ ಬಿಡಿಸಿದೆ. ಏಳು ವರ್ಷ ಇದನ್ನು ನನ್ನ ಹೆಂಡತಿಯ ಮುಂದೆಯೂ ಹೇಳಿರಲಿಲ್ಲ.

ಬೆಟಗೇರಿಯಲ್ಲಿ ನನ್ನದೊಂದು ಕಟ್ಟಿಗೆ ಅಡ್ಡೆ. ಕಪ್ಪತಗುಡ್ಡದ ಅಂಚಿನ ನೆಡುತೋಪುಗಳಲ್ಲಿ ನೀಲಗಿರಿ, ಜಾಲಿ ಕಡಿದಾಗ ದಿಮ್ಮಿಗಳು ಲಾರಿ ಏರಿ ಹೋಗುತ್ತವೆ. ಟೊಂಗೆ, ತುದಿ, ಸೀಳು ಅಲ್ಲೇ ಬಿದ್ದು ಬೇಸಿಗೆಯಲ್ಲಿ ಬೆಂಕಿಗೆ ಸಿಗುತ್ತವೆ. ಅದನ್ನೆಲ್ಲ ಹರಾಜಿನಲ್ಲಿ ಹಿಡಿದು ತರಬೇಕು, ಚಕ್ಕೆ ಮಾಡಿ ಅಂಟು ಕಲಸಿ ಬಿಸಿ ಪ್ರೆಸ್ಸಿನಲ್ಲಿ ಒತ್ತಿ ಪಾರ್ಟಿಕಲ್ ಬೋರ್ಡ್ ಮಾಡಬೇಕು ಎಂಬ ಹುಚ್ಚು ನನ್ನದು. ಅಷ್ಟು ಮಾತ್ರ ನನ್ನದು. ಹಲಗೆ ನೋಡಲು ಚೆಂದವೇ ಆಗುತ್ತಿತ್ತು. ನೀರು ತಾಗಿತೋ, ನೆನೆದ ರೊಟ್ಟಿಯಂತೆ ಉಬ್ಬಿ ಅಂಚು ಉದುರುತ್ತಿತ್ತು. ಅಂಟು ಬದಲಿಸಿದೆ, ಪ್ರೆಸ್ಸಿನ ಕಾವು ಏರಿಸಿದೆ. ಎರಡು ವರ್ಷ ಹೀಗೇ ಹೋಯಿತು. ಬಡಗಿಗಳು ನನ್ನ ಹಲಗೆ ಕಂಡರೆ ನಗುತ್ತಿದ್ದರು.

ಮಾಬೂಬಿಯ ಗಂಡನ ಮನೆಯವರು ಕೈಮಗ್ಗದ ನೂಲಿಗೆ ಬಣ್ಣ ಹಾಕುವವರು. ಆ ಕೆಲಸ ನಿಂತ ಮೇಲೆ ಅವಳು ನನ್ನಲ್ಲಿ ಚಕ್ಕೆ ಒಣಗಿಸಲು ಬಂದಳು. ಒಂದು ಮಳೆಗಾಲ, ಚಕ್ಕೆಯ ರಾಶಿಯಿಂದ ಸೋರಿ ನಿಂತಿದ್ದ ಕೆಂಪು ನೀರನ್ನು ಅಂಗೈಯಲ್ಲಿ ಹಿಡಿದುಕೊಂಡು ನನ್ನ ಹತ್ತಿರ ಬಂದಳು.

"ಸಾವಕಾರ್ರ, ಹೊಸಾ ನೂಲಿಗೆ ಹಂಗ ಬಣ್ಣ ಹಾಕಿದ್ರ ಹಿಡಿಯಂಗಿಲ್ರಿ. ಮೊದಲ ಕುದಿಸಿ ಜಿಡ್ಡ ತಗೀಬೇಕು. ಈ ಚಕ್ಕ್ಯಾಗೂ ಏನೋ ಐತಿ, ನೀರ ನೋಡ್ರಿ, ಚಾ ಆದಂಗ ಆಗೈತಿ. ಅದಕ್ಕ ಅಂಟ ಹಿಡಿವಲ್ದು. ಕುದಿಸಿ ನೋಡೂಣೇನ್ರಿ?"

ನಾನು ನಕ್ಕೆ. ಕಟ್ಟಿಗೆಯನ್ನು ಯಾರಾದರೂ ಬೇಯಿಸುತ್ತಾರೆಯೇ ಅಂದೆ. ಅವಳು ಮರುದಿನ ಮನೆಯಿಂದ ಬಣ್ಣದ ಹಂಡೆ ಹೊತ್ತು ತಂದಳು. ಟೊಂಗೆಯ ಸಿಪ್ಪೆ ಬಿಡಿಸಿದಳು, ಚಕ್ಕೆ ಕುದಿಸಿದಳು, ನೀರು ಬಸಿದು ಮತ್ತೆ ಕುದಿಸಿದಳು, ನೆರಳಲ್ಲಿ ಒಣಗಿಸಿದಳು. ಆ ಚಕ್ಕೆಯಿಂದ ಒತ್ತಿದ ಹಲಗೆಯನ್ನು ನೀರಿನ ತೊಟ್ಟಿಯಲ್ಲಿ ಎರಡು ದಿನ ಮುಳುಗಿಸಿಟ್ಟೆವು. ತೆಗೆದಾಗ ಅಂಚು ಅಂಚಾಗಿಯೇ ಇತ್ತು. ನಾನು ಅದನ್ನು ನೆಲಕ್ಕೆ ಬಡಿದೆ. ಠಣ್ ಎಂದಿತು. ಆ ಶಬ್ದ ಕೇಳಿ ಇಬ್ಬರೂ ಮಕ್ಕಳ ಹಾಗೆ ನಕ್ಕೆವು — ಆ ನಗೆಯಲ್ಲಿ ನನಗೂ ಪಾಲಿತ್ತು. ಅಷ್ಟಕ್ಕೇ ತೃಪ್ತನಾಗಿದ್ದರೆ…

ಮೂರು ವಾರದ ಮೇಲೆ ಶಾಲೆಗಳ ಬೆಂಚಿಗೆ ಹಲಗೆ ಕೊಳ್ಳುವ ಮುನ್ನ ಪರೀಕ್ಷಿಸಲು ಒಬ್ಬ ಸರ್ಕಾರಿ ಅಧಿಕಾರಿ ಬಂದರು. ತಾವೂ ನೀರಲ್ಲಿಟ್ಟು ನೋಡಿದರು, ಗರಗಸದಿಂದ ಕೊಯ್ದು ನೋಡಿದರು, ಮೊಳೆ ಹೊಡೆದು ನೋಡಿದರು. ಕೊನೆಗೆ ಕೇಳಿದರು: "ಕುದಿಸೂ ವಿಚಾರ ಯಾರದ್ರಿ?"

"ನಂದರಿ," ಅಂದೆ.

ಯೋಚಿಸಿ ಹೇಳಿದ ಸುಳ್ಳಲ್ಲ ಅದು. ಬಾಯಿಗೆ ತಾನೇ ಬಂತು, ಬಹಳ ದಿನದಿಂದ ಅಲ್ಲೇ ಕಾದು ಕೂತಿದ್ದಂತೆ. ಮಾಬೂಬಿ ಹತ್ತು ಹೆಜ್ಜೆ ದೂರದಲ್ಲಿ ಹಂಡೆಯೊಳಗೆ ಕೋಲಾಡಿಸುತ್ತಿದ್ದಳು. ಕೋಲು ಒಂದು ಗಳಿಗೆ ನಿಂತಿತು, ಮತ್ತೆ ಆಡಿತು.

ಅವಳು ಜಗಳ ಮಾಡಲಿಲ್ಲ. ಮರುದಿನ ಎಂದಿನಂತೆ ಬಂದಳು. ಅದೇ ನನಗೆ ತಡೆಯದಾಯಿತು — ಅವಳು ಕಣ್ಣೆತ್ತಿದರೆ ಸಾಕು, ನನ್ನ ಮಾತು ತಡವರಿಸುತ್ತಿತ್ತು. ಹದಿನೈದು ದಿನದಲ್ಲಿ ಕರೆದು ಹೇಳಿದೆ: "ಕುದಿಸಾಕ ಮಷೀನ್ ಬರ್ತೈತಿ. ನೀ ಬ್ಯಾರೆ ಕಡೆ ಕೆಲಸ ನೋಡ್ಕೊ."

"ಆತ್ರಿ," ಅಂದಳು. ತನ್ನ ಹಂಡೆಯನ್ನು ತಿಕ್ಕಿ ತೊಳೆದು, ತಲೆಯ ಮೇಲಿಟ್ಟುಕೊಂಡು ಹೋದಳು.

ಆಮೇಲೆ ಎಲ್ಲ ನನಗೆ ಕೈಗೂಡಿತು. ಶಿರಹಟ್ಟಿಯ ಬಡಗಿಗಳು, ಮುಂಡರಗಿಯ ಅಂಗಡಿಗಳು, ಶಾಲೆಗಳ ಬೆಂಚು — ಎಲ್ಲದಕ್ಕೂ ನಮ್ಮ ಹಲಗೆ. ಪತ್ರಿಕೆಯಲ್ಲಿ ನನ್ನ ಚಿತ್ರ. ಮಾಬೂಬಿ ಲಕ್ಷ್ಮೇಶ್ವರದ ತವರಿಗೆ ಹೋಗಿ, ಅಡರಕಟ್ಟಿಯ ಹೊಲಗಳಲ್ಲಿ ಹತ್ತಿ ಬಿಡಿಸುತ್ತಾಳೆಂದು ಯಾರೋ ಹೇಳಿದರು. ಕೇಳಿಸದವನಂತೆ ಇದ್ದೆ.

ಹಿಂದಿನ ಮಳೆಗಾಲದಲ್ಲಿ ತುಂಗಭದ್ರೆ ಏರಿ ಕೊರ್ಲಹಳ್ಳಿಯ ಶಾಲೆಯೊಳಗೆ ನೀರು ನುಗ್ಗಿತು. ನಾಲ್ಕನೆಯ ದಿನ ಅಲ್ಲಿನ ಹೆಡ್ ಮೇಡಂ ಫೋನ್ ಮಾಡಿದರು. "ಬಾಗಲಾ ಸೈತ ಉಬ್ಯಾವ್ರಿ ಸಾವಕಾರ್ರ. ನಿಮ್ಮ ಬೆಂಚು ಒಂದೂ ಉಬ್ಬಿಲ್ಲ. ಕೆಸರ ತೊಳದ್ವಿ, ಹುಡುಗೂರು ಅದರ ಮ್ಯಾಲೇ ಕುಂತಾವು."

ನಾನು ಅಡ್ಡೆಯ ನಡುವೆ ನಿಂತಿದ್ದೆ. ಕಾಡಿನಲ್ಲಿ ಸುಟ್ಟು ಹೋಗಬೇಕಿದ್ದ ಕಸ ಹೊಳೆಯನ್ನೇ ಗೆದ್ದಿತ್ತು. ಅಂಥ ಸುದ್ದಿ ಬಾಳಿನಲ್ಲಿ ಒಮ್ಮೆ ಬರುತ್ತದೆ — ಅದನ್ನು ಯಾರಿಗೆ ಮೊದಲು ಹೇಳಬೇಕೋ ಅವಳನ್ನು ನಾನೇ ಅಟ್ಟಿದ್ದೆ.

ಬೆಂಚುಗಳ ಸುದ್ದಿ ಹಬ್ಬಿ ಗದಗಿನಲ್ಲಿ ನನಗೆ ಸನ್ಮಾನ ಇಟ್ಟುಕೊಂಡರು. ಅದಕ್ಕೆ ಎರಡು ದಿನ ಮೊದಲು ಲಕ್ಷ್ಮೇಶ್ವರಕ್ಕೆ ಹೋದೆ. ಮಾಬೂಬಿ ಅಂಗಳದಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು. ಬೆಂಚುಗಳ ಸುದ್ದಿ ಹೇಳಿದೆ. ಅವಳ ಕೈ ನಿಂತಿತು, ಮುಖ ಅರಳಿತು. ನಂತರ ತಪ್ಪಾಯಿತು ಎಂದು ಶುರು ಮಾಡಿದೆ. ಅವಳು ಮುಗಿಸಲು ಬಿಡಲಿಲ್ಲ.

"ನನ್ನ ಮುಂದ ಯಾಕ ಹೇಳ್ತೀರಿ ಸಾವಕಾರ್ರ? ನನಗ ಗೊತ್ತೈತಿ. ಗೊತ್ತಿಲ್ಲದವರ ಮುಂದ ಹೇಳ್ರಿ."

ಹೇಳಿದೆ. ಶಾಲು ಹೊದಿಸಲು ಬಂದವರ ಕೈ ತಡೆದು, ತುಂಬಿದ ಸಭೆಯಲ್ಲಿ ಹೇಳಿದೆ — ಗುಟ್ಟು ಅವಳದು, ಸುಳ್ಳು ನನ್ನದು, ಕೆಲಸದಿಂದ ತೆಗೆದವನೂ ನಾನೇ.  ಮುಂದಿನ ಸಾಲಿನಲ್ಲಿದ್ದ ನನ್ನ ಹೆಂಡತಿ ತಲೆ ತಗ್ಗಿಸಿದಳು. ಆದರೂ ನನ್ನ ಎದೆಯೊಳಗೆ ಎಂಥದೋ ಹಗುರ. ಮೊದಲ ಬಾರಿಗೆ ಆ ಹಲಗೆಯ ಬಗ್ಗೆ ನನಗೆ ಪೂರ್ತಿ ಹೆಮ್ಮೆಯಾಯಿತು.

ಮುಂದಿನ ವಾರ ಮಾಬೂಬಿ ತಾನೇ ಕೊರ್ಲಹಳ್ಳಿಗೆ ಬಂದಳು, ನಾನೂ ಹೋಗಿದ್ದೆ. ಶಾಲೆಯ ಮಕ್ಕಳು ಸುತ್ತ ನೆರೆದರು. ಮೇಡಂ "ಇವರ ನೋಡ್ರಿ ಈ ಬೆಂಚಿನ ಹಲಗಿ ಹುಟ್ಟಿಸಿದವರು" ಅಂದಾಗ ಕೋಣೆಯೆಲ್ಲ ಚಪ್ಪಾಳೆ. ಅವಳು ಸೆರಗು ಸರಿಮಾಡಿಕೊಂಡು ಬೆಂಚಿನ ಮೇಲೆ ಕೂತಳು, ಬೆರಳ ಗಿಣ್ಣಿನಿಂದ ಬಡಿದಳು, ಅಂಚನ್ನು ಉಗುರಿನಿಂದ ಕೆರೆದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಸಿಪ್ಪಿ ಪೂರಾ ಬಿಡಿಸಿಲ್ರಿ ನೀವು. ಇದಕ್ಕಿಂತ ಚೊಲೋ ಬರ್ತೈತಿ."

ಈಗ ಲಕ್ಷ್ಮೇಶ್ವರದಲ್ಲಿ, ಸಾಲ ಎತ್ತಿ ಹಾಕಿದ ಅವಳದೇ ಪ್ರೆಸ್ಸು ನಡೆಯುತ್ತಿದೆ. ಹನ್ನೊಂದು ಹೆಂಗಸರು ಅವಳ ಕೈಕೆಳಗೆ ಕೆಲಸ ಕಲಿಯುತ್ತಾರೆ. ಅವಳ ಹಲಗೆ ನನ್ನದಕ್ಕಿಂತ ಗಟ್ಟಿ. ಶಿಗ್ಲಿಯ ಬಡಗಿಗಳು ನನ್ನನ್ನು ದಾಟಿ ಅಲ್ಲಿಗೆ ಹೋಗುತ್ತಾರೆ. ಹೋಗಲಿ. ಅವಳು ಗೆದ್ದದ್ದನ್ನು ನೋಡುವ ಭಾಗ್ಯ ನನಗೆ ಸಿಕ್ಕಿತು, ಅದು ನನ್ನ ಯೋಗ್ಯತೆಗಿಂತ ಹೆಚ್ಚು.

ಆದರೆ ಆ ಏಳು ವರ್ಷ — ಬೇರೆಯವರ ಹೊಲದಲ್ಲಿ ಅವಳ ಬೆನ್ನು ಬಾಗಿದ ಏಳು ವರ್ಷ — ಅದನ್ನು ಯಾವ ಸಭೆಯಲ್ಲಿ ಹೇಳಿದರೂ ಹಿಂದಕ್ಕೆ ಬರುವುದಿಲ್ಲ. ಕ್ಷಮಿಸಿದೆಯಾ ಎಂದು ನಾನು ಅವಳನ್ನು ಕೇಳಿಲ್ಲ, ಕೇಳುವುದೂ ಇಲ್ಲ. ಗೊತ್ತಿಲ್ಲದವರು ಇನ್ನೂ ಬಹಳ ಜನ ಇದ್ದಾರೆ. ಅವರಿಗಾಗಿ ಬರೆದೆ.